ನಿನ್ನೆಗಿಂತ ಇವತ್ತು ತೂಕ ಜಾಸ್ತಿ ಯಾಕೆ? ತೂಕ ಇಳಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಎದ್ದು ತೂಕದ ಯಂತ್ರದ ಮೇಲೆ ನಿಲ್ಲುತ್ತೀರಿ. ನಿನ್ನೆ 71.8 ಇತ್ತು, ಇವತ್ತು 73.0 ತೋರಿಸುತ್ತಿದೆ. ರಾತ್ರಿ ತಿಂದಿದ್ದು ಎರಡು ಚಪಾತಿ, ಪಲ್ಯ, ಒಂದು ಲೋಟ ಮಜ್ಜಿಗೆ. ಇಳಿದು ಮತ್ತೆ ಹತ್ತುತ್ತೀರಿ. ಯಂತ್ರವನ್ನು ಬಾಗಿಲ ಹತ್ತಿರ ಸರಿಸಿ ಇನ್ನೊಂದು ಸಲ ನೋಡುತ್ತೀರಿ. ಅದೇ 73.0. ಅಷ್ಟು ದಿನ ಬಾಯಿ ಕಟ್ಟಿದ್ದೆಲ್ಲ ನೀರಿಗೆ ಹಾಕಿದ ಹೋಮ ಅನ್ನಿಸುತ್ತದೆ. ಎಷ್ಟೋ ಜನ ಡಯಟ್ ಕೈಬಿಡುವುದು ಆ ಹೊತ್ತಿನಲ್ಲೇ. ನಾನೂ ಎರಡು ಸಲ ಹಾಗೇ ಬಿಟ್ಟಿದ್ದೆ.

ನಾನು ಡಾಕ್ಟರ್ ಅಲ್ಲ. ನಾಲ್ಕು ವರ್ಷದಿಂದ ದಿನಾ ತೂಕ ಬರೆದಿಡುತ್ತಾ ಬಂದಿದ್ದೇನೆ. ಮನೆಯವರು, ಆಫೀಸಿನವರು, ವಾಕಿಂಗ್ ಗೆಳತಿಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಿ ಓದಿದ್ದೇನೆ. ಅವರು ಕೇಳಿದ್ದು ಹೇಗಿತ್ತೋ ಹಾಗೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ.

ಒಂದೇ ರಾತ್ರಿಯಲ್ಲಿ ಒಂದೂವರೆ ಕೆಜಿ ಜಾಸ್ತಿ ಆಗಿದೆ. ಅಷ್ಟೂ ಕೊಬ್ಬಾ?

ಸಾಧ್ಯವೇ ಇಲ್ಲ. ಲೆಕ್ಕ ಹಾಕಿ ನೋಡಿ. ಮೈಯಲ್ಲಿ ಒಂದು ಕೆಜಿ ಕೊಬ್ಬು ಸೇರಬೇಕಾದರೆ ಬೇಕಾದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಒಂದೂವರೆ ಕೆಜಿಗೆ ಹನ್ನೊಂದು ಸಾವಿರದ ಮೇಲಾಯಿತು. ತುಪ್ಪ ಸವರಿದ ಒಂದು ಹೋಳಿಗೆಗೆ 300 ಕ್ಯಾಲೊರಿ ಅಂತ ಇಟ್ಟುಕೊಳ್ಳೋಣ. ದಿನದ ಊಟ, ತಿಂಡಿ ಎಲ್ಲ ಮುಗಿಸಿದ ಮೇಲೆ ಇನ್ನೂ 38 ಹೋಳಿಗೆ ತಿಂದಿರಬೇಕು. ನೀವು ತಿಂದಿಲ್ಲ, ಅಲ್ವಾ? ಹಾಗಾದರೆ ಆ ಒಂದೂವರೆ ಕೆಜಿ ಬೇರೆ ಏನೋ.

ಬೇರೆ ಏನು ಮತ್ತೆ?

ಬಹುಪಾಲು ನೀರು. ಮಿಕ್ಕಿದ್ದು ಹೊಟ್ಟೆ ಮತ್ತು ಕರುಳಿನಲ್ಲಿ ಇನ್ನೂ ಇರುವ ಊಟ.

ಇದನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಯಂತ್ರದ ಮೇಲೆ ನಿಂತು ಸಂಖ್ಯೆ ಬರೆದುಕೊಳ್ಳಿ. ಇಳಿದು ಅರ್ಧ ಲೀಟರ್ ನೀರು ಕುಡಿದು ಮತ್ತೆ ನಿಲ್ಲಿ. ಅರ್ಧ ಕೆಜಿ ಜಾಸ್ತಿ ಆಗಿರುತ್ತದೆ. ನೀರಿನಲ್ಲಿ ಒಂದೇ ಒಂದು ಕ್ಯಾಲೊರಿ ಇಲ್ಲ. ನನ್ನ ತಾಯಿಗೆ ನಾನು ಎಷ್ಟು ವಿವರಿಸಿದರೂ ನಂಬಿಕೆ ಬಂದಿರಲಿಲ್ಲ. ಒಂದು ಚೊಂಬು ನೀರು ಕುಡಿಸಿ ಮತ್ತೆ ಹತ್ತಿಸಿದ ಮೇಲೆ ನಂಬಿದರು.

ಯಂತ್ರ ನಿಮ್ಮ ಕೊಬ್ಬನ್ನು ಮಾತ್ರ ಬೇರೆ ಮಾಡಿ ತೂಗುವುದಿಲ್ಲ. ಮೂಳೆ, ಮಾಂಸ, ರಕ್ತ, ನಿನ್ನೆಯ ಸಾರು ಅನ್ನ, ಇನ್ನೂ ಹೋಗದ ಮೂತ್ರ ಎಲ್ಲ ಸೇರಿಸಿ ಒಂದೇ ಸಂಖ್ಯೆ ಕೊಡುತ್ತದೆ. ದೊಡ್ಡವರ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದ್ದೇ. ಅದು ದಿನಾ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ.

ಎಷ್ಟರವರೆಗೆ ಏರಿಳಿತ ನಾರ್ಮಲ್?

ದಿನದಿಂದ ದಿನಕ್ಕೆ ಒಂದು ಕೆಜಿ, ಕೆಲವರಿಗೆ ಎರಡು ಕೆಜಿವರೆಗೆ. ಮೈ ದೊಡ್ಡದಿದ್ದಷ್ಟೂ ಏರಿಳಿತವೂ ಸ್ವಲ್ಪ ದೊಡ್ಡದು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಒಂದು ದಿನಕ್ಕೆ ಕರಗುವ ಕೊಬ್ಬು ಸುಮಾರು 65 ಗ್ರಾಂ. ಒಂದು ಕೋಳಿಮೊಟ್ಟೆಗಿಂತ ಸ್ವಲ್ಪ ಜಾಸ್ತಿ ತೂಕ, ಅಷ್ಟೇ. ಮೇಲೆ ಕೆಳಗೆ ಸಾವಿರ ಗ್ರಾಂ ಆಡುವ ಸಂಖ್ಯೆಯಲ್ಲಿ ಆ 65 ಗ್ರಾಂ ಹೇಗೆ ಕಾಣಬೇಕು? ಸಂತೆಯ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ ಅದು. ಆದರೆ 15 ದಿನ ಕೂಡಿದರೆ ಹತ್ತಿರ ಹತ್ತಿರ ಒಂದು ಕೆಜಿ ಆಗುತ್ತದೆ. ಆಗ ಗದ್ದಲದ ನಡುವೆಯೂ ಕೇಳಿಸುತ್ತದೆ. ತೂಕ ಇಳಿಸಲು ಹೊರಟವರಿಗೆ ಮೊದಲ ದಿನವೇ ಯಾರಾದರೂ ಈ ಒಂದು ಲೆಕ್ಕ ಹೇಳಿಕೊಟ್ಟರೆ ಎಷ್ಟೋ ಸಂಕಟ ತಪ್ಪುತ್ತದೆ. ನನಗೆ ಯಾರೂ ಹೇಳಿರಲಿಲ್ಲ.

ಉಪ್ಪಿನಕಾಯಿ, ಹಪ್ಪಳ ತಿಂದ ಮಾರನೇ ದಿನ ತೂಕ ಏರುತ್ತದೆ. ಅಷ್ಟು ಚೂರು ಉಪ್ಪಿಗೆ ಅಷ್ಟು ತೂಕವಾ?

ಉಪ್ಪು ಒಂದೇ ಬರುವುದಿಲ್ಲ, ನೀರನ್ನು ಹಿಡಿದುಕೊಂಡು ಬರುತ್ತದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿ ನೋಡಿದ್ದೀರಲ್ವಾ? ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ನಮ್ಮ ರಕ್ತದ ಉಪ್ಪಿನ ಹದಕ್ಕೆ ಹತ್ತಿರವಾಗುವ ಹಾಗೆ ಅದನ್ನು ಮಾಡಿರುತ್ತಾರೆ. ಇದನ್ನೇ ತಿರುಗಿಸಿ ನೋಡಿ. ಒಂದು ಟೀ ಚಮಚದಷ್ಟು, ಅಂದರೆ 4-5 ಗ್ರಾಂ ಉಪ್ಪು ಹೆಚ್ಚಿಗೆ ಒಳಗೆ ಹೋದರೆ, ಹದ ಕಾಪಾಡಲು ಮೈ ಅರ್ಧ ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಅಂಥ ಊಟದ ಮೇಲೆ ರಾತ್ರಿಯೆಲ್ಲ ಬಾಯಾರಿಕೆ. ಬೆಳಿಗ್ಗೆ ಉಂಗುರ ಬಿಗಿ, ಕಣ್ಣಿನ ಕೆಳಗೆ ಊತ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಒಂದು ಮದುವೆ ಊಟದಲ್ಲಿ ಎಲೆ ತುದಿಯ ಉಪ್ಪು, ಕೋಸಂಬರಿ, ಪುಳಿಯೋಗರೆ, ಸಾರು, ಹುಳಿ, ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿದರೆ ಆ ಮಿತಿ ದಾಟುವುದು ಏನೂ ಕಷ್ಟವಿಲ್ಲ. ಮೂತ್ರಪಿಂಡಗಳು ಸರಿಯಿದ್ದರೆ ಒಂದೆರಡು ದಿನ, ಜಾಸ್ತಿ ಅಂದರೆ ಮೂರ್ನಾಲ್ಕು ದಿನದಲ್ಲಿ ಹೆಚ್ಚಿನ ಉಪ್ಪೂ ನೀರೂ ಹೊರಗೆ ಹೋಗುತ್ತವೆ. ನೀವು ಮಾಮೂಲಿ ಊಟಕ್ಕೆ ವಾಪಸ್ ಬಂದರೆ ಸಾಕು. ಬಿಪಿ ಇರುವವರು ಮಾತ್ರ ಈ ಉಪ್ಪಿನ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಅನ್ನ, ಮುದ್ದೆ ಬಿಟ್ಟ ಮೊದಲ ವಾರವೇ ಮೂರು ಕೆಜಿ ಇಳಿದೆ. ಒಂದೇ ದಿನ ಬಿಸಿಬೇಳೆ ಬಾತ್ ತಿಂದೆ, ಒಂದೂವರೆ ಕೆಜಿ ವಾಪಸ್ ಬಂತು. ಅನ್ನ ನನ್ನ ಮೈಗೆ ಆಗೋದೇ ಇಲ್ವಾ?

ಅನ್ನದ ತಪ್ಪಿಲ್ಲ. ಮೈಯಲ್ಲಿ ಸಕ್ಕರೆಯ ಒಂದು ಉಗ್ರಾಣ ಇದೆ. ಅದಕ್ಕೆ ಗ್ಲೈಕೋಜೆನ್ ಅನ್ನುತ್ತಾರೆ. ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಕಟ್ಟಿಕೊಂಡಿರುತ್ತದೆ. ಅಂದರೆ ಉಗ್ರಾಣ ತುಂಬಿದಾಗ ಹತ್ತಿರ ಹತ್ತಿರ ಎರಡು ಕೆಜಿ.

ಅನ್ನ, ಮುದ್ದೆ, ರೊಟ್ಟಿ, ದೋಸೆ ಎಲ್ಲ ಬಿಟ್ಟಾಗ ಮೈ ಮೊದಲು ಈ ಉಗ್ರಾಣವನ್ನು ಖಾಲಿ ಮಾಡುತ್ತದೆ. ಸಕ್ಕರೆ ಖರ್ಚಾಗುತ್ತಾ ನೀರೂ ಹೊರಟು ಹೋಗುತ್ತದೆ. ಜೊತೆಗೆ ಇನ್ಸುಲಿನ್ ಕಡಿಮೆಯಾದಾಗ ಮೂತ್ರಪಿಂಡಗಳು ಉಪ್ಪನ್ನೂ ಜಾಸ್ತಿ ಹೊರಗೆ ಹಾಕುತ್ತವೆ. ಅದಕ್ಕೇ ಮೊದಲ ವಾರ ಅಷ್ಟು ಸಲ ಬಾತ್‌ರೂಮಿಗೆ ಹೋಗಬೇಕಾಗುತ್ತದೆ, ಅಷ್ಟು ಬೇಗ ತೂಕ ಬೀಳುತ್ತದೆ. ಆ ಮೂರು ಕೆಜಿಯಲ್ಲಿ ಕೊಬ್ಬು ಸ್ವಲ್ಪ ಮಾತ್ರ. ಬಿಸಿಬೇಳೆ ಬಾತ್ ತಿಂದ ದಿನ ಉಗ್ರಾಣ ಮತ್ತೆ ತುಂಬಿಕೊಂಡಿತು, ನೀರು ವಾಪಸ್ ಬಂತು. ಕರಗಿದ ಕೊಬ್ಬು ಹಾಗೇ ಕರಗಿಯೇ ಇದೆ.

‘ಒಂದೇ ವಾರದಲ್ಲಿ 5 ಕೆಜಿ’ ಅನ್ನುವ ಜಾಹೀರಾತುಗಳು ನಿಂತಿರುವುದು ಈ ನೀರಿನ ಮೇಲೆಯೇ. ಮೊದಲ ವಾರದ ಇಳಿತ ನೋಡಿ ನಾವು ದುಡ್ಡು ಕಟ್ಟುತ್ತೇವೆ. ಮೂರನೇ ವಾರ ಸಂಖ್ಯೆ ನಿಂತಾಗ ನಮ್ಮನ್ನೇ ಬೈದುಕೊಳ್ಳುತ್ತೇವೆ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಏಕಾದಶಿ ಉಪವಾಸ ಮಾಡಿದೆ, ಒಂದು ಕೆಜಿ ಇಳಿಯಿತು. ದ್ವಾದಶಿ ಪಾರಣೆ ಮುಗಿಸಿದ ಮೇಲೆ ಎಲ್ಲ ವಾಪಸ್. ಯಾಕೆ?

ಅದೇ ಕಥೆ. ಕರುಳು ಖಾಲಿಯಾಯಿತು, ಉಗ್ರಾಣ ಅರ್ಧವಾಯಿತು, ಉಪ್ಪು ಒಳಗೆ ಹೋಗಲಿಲ್ಲ. ಊಟ ಮಾಡಿದಾಗ ಮೂರೂ ತಮ್ಮ ಜಾಗಕ್ಕೆ ಬಂದವು. ರಂಜಾನ್ ತಿಂಗಳಲ್ಲಿ ಇಫ್ತಾರ್‌ಗೆ ಮೊದಲು ತೂಗಿದರೆ ಒಂದು ಸಂಖ್ಯೆ, ಬೆಳಗಿನ ಜಾವದ ಸಹ್ರಿ ಊಟ ಮುಗಿಸಿ ತೂಗಿದರೆ ಇನ್ನೊಂದು. ಉಪವಾಸವನ್ನು ಭಕ್ತಿಗಾಗಿ ಮಾಡಿ, ಬಹಳ ಒಳ್ಳೆಯದು. ಮಾರನೇ ದಿನದ ತೂಕವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.

ರಾತ್ರಿ ಮಲಗುವಾಗ 73 ಇತ್ತು, ಬೆಳಿಗ್ಗೆ 72.2. ಮಲಗಿದ್ದಲ್ಲೇ ಹೇಗೆ ಇಳಿಯಿತು?

ಸ್ವಲ್ಪ ಮೂತ್ರದಲ್ಲಿ ಹೋಯಿತು. ಸ್ವಲ್ಪ ಉಸಿರಿನಲ್ಲಿ, ಚರ್ಮದ ಮೂಲಕ ಆವಿಯಾಗಿ ಹೋಯಿತು. ಚಳಿಗಾಲದಲ್ಲಿ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಬೆಳಿಗ್ಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತದಲ್ಲ, ಅದೇ ಆ ನೀರು. ಬೇರೆ ದಿನ ಕಣ್ಣಿಗೆ ಕಾಣುವುದಿಲ್ಲ, ಆದರೆ ಹೋಗುತ್ತಲೇ ಇರುತ್ತದೆ.

ಇದನ್ನು ಮೊದಲು ಲೆಕ್ಕ ಹಾಕಿದವರು ಇಟಲಿಯ ಪಡುವಾದಲ್ಲಿದ್ದ ವೈದ್ಯ ಸಾಂತೋರಿಯೊ (1561–1636). ತಕ್ಕಡಿಗೆ ಕುರ್ಚಿ ತೂಗುಹಾಕಿ ಅದರ ಮೇಲೆ ಕೂತು, ತಿಂದದ್ದು, ಕುಡಿದದ್ದು, ಹೊರಗೆ ಹೋದದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದರು. ಒಳಗೆ ಹೋಗಿದ್ದು 8 ಪೌಂಡ್ ಆದರೆ ಮಲ ಮೂತ್ರವಾಗಿ ಹೊರಗೆ ಬಂದಿದ್ದು 3 ಪೌಂಡ್ ಮಾತ್ರ. ಉಳಿದ 5 ಪೌಂಡ್ ಕಣ್ಣಿಗೆ ಕಾಣದ ಹಾಗೆ ಮೈಯಿಂದ ಆವಿಯಾಗಿ ಹೋಗಿದೆ ಅಂತ 1614ರಲ್ಲಿ ಪ್ರಕಟಿಸಿದರು. ಬರೀ ತೂಗಿ, ಬರೆದಿಟ್ಟು, ತಾಳ್ಮೆಯಿಂದ ನೋಡಿಯೇ ಅವರು ಇದನ್ನು ಕಂಡುಕೊಂಡರು ಅನ್ನುವುದು ನನಗೆ ತುಂಬಾ ಇಷ್ಟ.

ಪಿರಿಯಡ್ಸ್ ಬರುವ ಮುಂಚೆ ಯಾವಾಗಲೂ ತೂಕ ಏರುತ್ತದೆ. ನನಗೆ ಮಾತ್ರ ಹೀಗಾ?

ಖಂಡಿತ ಇಲ್ಲ. ಮುಟ್ಟಿಗೆ ಮುಂಚಿನ ಕೆಲವು ದಿನ ಹಾರ್ಮೋನುಗಳ ಏರಿಳಿತದಿಂದ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೆಲವರಿಗೆ ಅರ್ಧ ಕೆಜಿ, ಕೆಲವರಿಗೆ ಎರಡು ಕೆಜಿ. ಎದೆ ಭಾರ, ಹೊಟ್ಟೆ ಉಬ್ಬರ, ಚಪ್ಪಲಿ ಬಿಗಿ. ಸಿಹಿ ತಿನ್ನಬೇಕು ಅನ್ನಿಸುವುದೂ ಆಗಲೇ. ಮುಟ್ಟು ಶುರುವಾದ ಮೇಲೆ ನಾಲ್ಕೈದು ದಿನದಲ್ಲಿ ಆ ನೀರು ಇಳಿದುಹೋಗುತ್ತದೆ.

ಹೆಣ್ಣುಮಕ್ಕಳು ಈ ವಾರದ ತೂಕವನ್ನು ಹೋದ ವಾರದ್ದಕ್ಕೆ ಹೋಲಿಸಿದರೆ ಸುಮ್ನೆ ಬೇಜಾರು. ಈ ತಿಂಗಳು ಮುಟ್ಟಾದ ಐದನೇ ದಿನದ ತೂಕವನ್ನು ಹೋದ ತಿಂಗಳ ಐದನೇ ದಿನದ ತೂಕಕ್ಕೆ ಹೋಲಿಸಿ. ನಾನು ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಕೆಂಪು ಚುಕ್ಕೆ ಇಡುತ್ತೇನೆ, ತೂಕವನ್ನು ಅದರ ಕೆಳಗೇ ಬರೆಯುತ್ತೇನೆ. ಆರು ತಿಂಗಳ ಪುಟಗಳನ್ನು ಒಂದರ ಪಕ್ಕ ಒಂದು ಇಟ್ಟ ದಿನ, ಪ್ರತಿ ಕೆಂಪು ಚುಕ್ಕೆಗೂ ಮೂರು ದಿನ ಮುಂಚೆ ಒಂದು ಗುಡ್ಡ ಕಂಡಿತು. ಅವತ್ತಿನಿಂದ ಆ ಗುಡ್ಡಕ್ಕೆ ಹೆದರುವುದನ್ನು ಬಿಟ್ಟೆ.

ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರು) ಇದ್ದು ಮುಟ್ಟು ತಿಂಗಳುಗಟ್ಟಲೆ ತಪ್ಪುವವರಿಗೆ ಈ ಹೋಲಿಕೆ ಅಷ್ಟು ಸುಲಭ ಇಲ್ಲ. ಅವರು ಎರಡು ಮೂರು ತಿಂಗಳ ಒಟ್ಟು ದಿಕ್ಕನ್ನು ನೋಡುವುದೇ ಒಳ್ಳೆಯದು.

ಜಿಮ್ ಸೇರಿ ಎರಡು ವಾರ ಆಯಿತು. ತೂಕ ಇಳಿಯೋದಿರಲಿ, ಒಂದು ಕೆಜಿ ಜಾಸ್ತಿ ಆಗಿದೆ!

ನನಗೂ ಹೀಗೇ ಆಗಿತ್ತು. ಆಗ ಹೋಗುತ್ತಿದ್ದ ಜಿಮ್ಮಿನ ಟ್ರೈನರ್ ‘ಮನೆಯಲ್ಲಿ ಕದ್ದು ಏನೋ ತಿಂತಿದೀರಾ’ ಅಂತ ಎಲ್ಲರೆದುರು ಅಂದುಬಿಟ್ಟರು. ಕಣ್ಣಲ್ಲಿ ನೀರು ಬಂದಿತ್ತು. ಕಾರಣ ಗೊತ್ತಾಗಿದ್ದು ಆಮೇಲೆ.

ಅಭ್ಯಾಸ ಇಲ್ಲದ ವ್ಯಾಯಾಮ ಮಾಡಿದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯ ಆಗುತ್ತದೆ. ರಿಪೇರಿಗೆ ಅಂತ ಅಲ್ಲಿ ನೀರು ಸೇರಿಕೊಳ್ಳುತ್ತದೆ. ಬಸ್ಕಿ ಹೊಡೆದ ಎರಡನೇ ದಿನ ಮೆಟ್ಟಿಲು ಇಳಿಯಲು ಆಗದ ನೋವು ಇರುತ್ತದಲ್ವಾ, ಆ ನೋವಿನ ಜೊತೆ ಈ ನೀರೂ ಇರುತ್ತದೆ. ಇನ್ನೊಂದು ಕಾರಣ, ವ್ಯಾಯಾಮ ಮಾಡುವ ಸ್ನಾಯು ಗ್ಲೈಕೋಜೆನ್ನನ್ನು ಜಾಸ್ತಿ ಕೂಡಿಡಲು ಕಲಿಯುತ್ತದೆ. ಅದರ ಜೊತೆಯೂ ನೀರು. ಜಿಮ್ಮಿಗೆ ಹೋಗುವ ಕೆಲವರು ಸೇವಿಸುವ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುವವರಿಗೆ ಇದರ ಮೇಲೆ ಇನ್ನೂ ಒಂದೆರಡು ಕೆಜಿ ನೀರು ಸೇರಬಹುದು.

‘ಅದೆಲ್ಲ ಸ್ನಾಯು ಬೆಳೆದಿದ್ದು’ ಅಂತ ಸಮಾಧಾನ ಹೇಳುವವರೂ ಇದ್ದಾರೆ. ಎರಡು ವಾರದಲ್ಲಿ ಒಂದು ಕೆಜಿ ಸ್ನಾಯು ಬೆಳೆಯುವುದು ಬಹಳ ಕಷ್ಟ. ಅದು ನೀರೇ ಅಂತ ಇಟ್ಟುಕೊಳ್ಳಿ, ಒಂದು ತಿಂಗಳು ಬಿಡದೆ ಹೋಗಿ, ಆಮೇಲೆ ನೋಡಿ.

ಒಂದು ಗಂಟೆ ಓಡಿ ಬಂದರೆ 700 ಗ್ರಾಂ ಕಡಿಮೆ ತೋರಿಸುತ್ತದೆ. ಖುಷಿ ಪಡಬಹುದಾ?

ಓಡಿದ್ದಕ್ಕೆ ಖುಷಿ ಪಡಿ. 700 ಗ್ರಾಂ ಬೆವರು, ನೀರು ಕುಡಿದರೆ ವಾಪಸ್ ಬರುತ್ತದೆ, ಬರಲೇಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಂತೂ ನೀರು ಕುಡಿಯದೆ ಇರಬೇಡಿ.

ಹಾಗಾದರೆ ನೀರು ಕಡಿಮೆ ಕುಡಿದರೆ ತೂಕ ಕಡಿಮೆ ಆಗುತ್ತಾ?

ಸಂಖ್ಯೆ ಕಡಿಮೆ ಆಗುತ್ತದೆ, ಕೊಬ್ಬು ಒಂದು ಚೂರೂ ಕರಗುವುದಿಲ್ಲ. ತಲೆನೋವು, ಸುಸ್ತು, ಮಲಬದ್ಧತೆ ಬರುತ್ತದೆ. ತೂಕ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರೂ ಇದ್ದಾರೆ. ಡಾಕ್ಟರ್ ಬರೆದುಕೊಡದೆ ಅದನ್ನು ಮುಟ್ಟಬೇಡಿ. ಅದರಿಂದ ರಕ್ತದ ಪೊಟ್ಯಾಸಿಯಂ ಏರುಪೇರಾದರೆ ಹೃದಯಕ್ಕೇ ಅಪಾಯ.

ಸೊಪ್ಪು, ತರಕಾರಿ ಜಾಸ್ತಿ ಮಾಡಿದ ಮೇಲೆ ತೂಕ ಏರಿದೆ. ಇದ್ಯಾವ ನ್ಯಾಯ?

ನಾರು ನೀರು ಹೀರಿಕೊಂಡು ಉಬ್ಬುತ್ತದೆ, ಕರುಳಿನಲ್ಲಿ ತೂಕ ಸ್ವಲ್ಪ ಹೆಚ್ಚುತ್ತದೆ. ತಿಂದದ್ದು ಪೂರ್ತಿ ಹೊರಗೆ ಹೋಗಲು ಒಂದರಿಂದ ಮೂರು ದಿನ ಬೇಕು. ಎರಡು ದಿನ ಹೊಟ್ಟೆ ಸರಿಯಾಗಿ ಹೋಗದಿದ್ದರೂ ಸಂಖ್ಯೆಯಲ್ಲಿ ಕಾಣುತ್ತದೆ. ಬಸಳೆ, ಹರಿವೆ, ಹೀರೇಕಾಯಿ ತಿನ್ನುವುದನ್ನು ಇದಕ್ಕಾಗಿ ಬಿಟ್ಟುಬಿಡಬೇಡಿ.

ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ ಬಂದರೆ ತೂಕ ಜಾಸ್ತಿ ತೋರಿಸುತ್ತದೆ.

ಎಂಟು ಹತ್ತು ಗಂಟೆ ಕಾಲು ಇಳಿಬಿಟ್ಟು ಕೂತರೆ ಪಾದದಲ್ಲಿ ನೀರು ಇಳಿಯುತ್ತದೆ, ಸಾಕ್ಸಿನ ಗುರುತು ಬೀಳುತ್ತದೆ. ನಿದ್ದೆಯೂ ಇಲ್ಲ, ದಾರಿಯಲ್ಲಿ ತಿಂದದ್ದು ಉಪ್ಪು ಖಾರ. ಎರಡು ದಿನ ಬಿಟ್ಟು ತೂಗಿ. ಊತ ಒಂದೇ ಕಾಲಿಗೆ ಬಂದು ನೋವೂ ಇದ್ದರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ಸರಿ, ಯಾವಾಗ, ಹೇಗೆ ತೂಗಿದರೆ ಸರಿಯಾದ ಸಂಖ್ಯೆ ಸಿಗುತ್ತದೆ?

ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದು, ಕಾಫಿ ಕುಡಿಯುವ ಮುಂಚೆ. ಬಟ್ಟೆ ಆದಷ್ಟು ಕಡಿಮೆ, ದಿನಾ ಅಷ್ಟೇ. ಜೀನ್ಸ್ ಪ್ಯಾಂಟ್ ಒಂದೇ ಅರ್ಧ ಕೆಜಿಗೂ ಮೇಲಿರುತ್ತದೆ. ಯಂತ್ರ ಗಟ್ಟಿಯಾದ, ಸಮತಟ್ಟಾದ ನೆಲದ ಮೇಲಿರಲಿ. ಚಾಪೆ, ಕಾರ್ಪೆಟ್ ಮೇಲೆ ಇಟ್ಟರೆ ಸುಳ್ಳು ಹೇಳುತ್ತದೆ. ಹಳೇ ಮನೆಯ ಕಲ್ಲು ಚಪ್ಪಡಿ ಏರುತಗ್ಗಾಗಿದ್ದರೆ ನಾಲ್ಕೂ ಕಾಲು ಊರುವ ಒಂದು ಜಾಗ ಹುಡುಕಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿ.

ಮೆಡಿಕಲ್ ಶಾಪಿನದ್ದು, ಡಾಕ್ಟರ್ ಕ್ಲಿನಿಕ್ಕಿನದ್ದು, ಮನೆಯದ್ದು ಒಂದಕ್ಕೊಂದು ಹೋಲಿಸಬೇಡಿ. ಯಾವುದಾದರೂ ಒಂದೇ ಯಂತ್ರ ಇರಲಿ. ಅದು ನೂರಕ್ಕೆ ನೂರು ಸರಿ ಇಲ್ಲದಿದ್ದರೂ ಪರವಾಗಿಲ್ಲ, ದಿನಾ ಒಂದೇ ಥರ ತಪ್ಪಾಗಿದ್ದರೆ ಇಳಿತ ಗೊತ್ತಾಗುತ್ತದೆ.

ದಿನಾ ತೂಗಬೇಕಾ, ವಾರಕ್ಕೊಮ್ಮೆ ಸಾಕಾ?

ಮನಸ್ಸಿಗೆ ಭಾರ ಅನ್ನಿಸದಿದ್ದರೆ ದಿನಾ ತೂಗಿ, ವಾರದ ಸರಾಸರಿ ತೆಗೆಯಿರಿ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ನನ್ನ ನೋಟ್‌ಬುಕ್ಕಿನ ಎರಡು ವಾರ ತೋರಿಸುತ್ತೇನೆ.

ಮೊದಲ ವಾರ, ಸೋಮವಾರದಿಂದ: 72.8, 72.1, 72.4, 71.9, 71.7, 72.0, 72.6.
ಎರಡನೇ ವಾರ: 73.0, 72.3, 71.8, 71.5, 71.4, 71.3, 71.9.

ಸೋಮವಾರ ಮಾತ್ರ ತೂಗುವವಳಾಗಿದ್ದರೆ ನನಗೆ ಕಾಣುತ್ತಿದ್ದಿದ್ದು 72.8, ಆಮೇಲೆ 73.0. ‘ವಾರವೆಲ್ಲ ಕಷ್ಟಪಟ್ಟು 200 ಗ್ರಾಂ ಜಾಸ್ತಿ ಆಯಿತು’ ಅಂತ ಅಳುತ್ತಿದ್ದೆ. ಏಳು ದಿನ ಕೂಡಿಸಿ ಏಳರಿಂದ ಭಾಗಿಸಿದಾಗ ಮೊದಲ ವಾರದ ಸರಾಸರಿ 72.2, ಎರಡನೇ ವಾರದ್ದು 71.9. ಸರಾಸರಿ 300 ಗ್ರಾಂ ಇಳಿದಿದೆ. ದಿನಗಳೂ ಅವೇ, ನಾನೂ ಅವಳೇ. ನೋಡುವ ರೀತಿ ಬೇರೆ, ಅಷ್ಟೇ.

ಸೋಮವಾರದ ಸಂಖ್ಯೆ ಎರಡೂ ವಾರ ಜಾಸ್ತಿ ಇರುವುದನ್ನು ಗಮನಿಸಿದಿರಾ? ಶನಿವಾರ, ಭಾನುವಾರ ಹೊರಗಿನ ಊಟ, ನೆಂಟರ ಮನೆ. ಬಹಳ ಜನಕ್ಕೆ ತೂಕ ಸೋಮವಾರ ಏರಿ, ಶುಕ್ರವಾರದ ಹೊತ್ತಿಗೆ ಇಳಿಯುತ್ತದೆ. ವಾರಕ್ಕೆ ಒಂದೇ ಸಲ ತೂಗುವುದಾದರೆ ಸೋಮವಾರ ಬೇಡ. ಬುಧವಾರ ಅಥವಾ ಗುರುವಾರ ಇಟ್ಟುಕೊಳ್ಳಿ.

ಮೂರು ವಾರದಿಂದ ಸರಾಸರಿಯೂ ಕದಲುತ್ತಿಲ್ಲ. ಈಗಲೂ ನೀರೇ ಅಂತೀರಾ?

ಮೂರು ವಾರ ಆದರೂ ಮುಟ್ಟು, ಹೊಸ ವ್ಯಾಯಾಮ, ಹಬ್ಬ ಇವುಗಳಲ್ಲಿ ಯಾವುದಾದರೂ ನಡುವೆ ಬಂದಿದ್ದರೆ ಇನ್ನೊಂದು ವಾರ ಕಾಯಿರಿ. ಏನೂ ಬಂದಿಲ್ಲ, ನಾಲ್ಕು ವಾರವೂ ಆಯಿತು ಅಂದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ಅದು ನೀರಲ್ಲ. ತಿನ್ನುವುದೂ ಖರ್ಚಾಗುವುದೂ ಸಮ ಆಗಿದೆ.

ಇದಕ್ಕೆ ಎರಡು ಕಾರಣ. 80 ಕೆಜಿ ಮೈ ಹೊತ್ತು ನಡೆಯುವುದಕ್ಕೆ ಬೇಕಾದಷ್ಟು ಕ್ಯಾಲೊರಿ 72 ಕೆಜಿ ಮೈಗೆ ಬೇಡ. ಹಾಗಾಗಿ ಮೊದಲು ಇಳಿಸಿದ ಊಟವೇ ಈಗ ಸರಿಸಮ ಆಗುತ್ತದೆ. ಎರಡನೆಯದು, ಅಳತೆ ಕೈ ಜಾರುವುದು. ನಾನು ಒಂದು ದಿನ ಒಗ್ಗರಣೆಗೆ ಬಗ್ಗಿಸುವ ಎಣ್ಣೆಯನ್ನು ಚಮಚದಲ್ಲಿ ಅಳೆದು ನೋಡಿದೆ. ಒಂದು ಚಮಚ ಅಂತ ನಾನು ಅಂದುಕೊಂಡಿದ್ದು ಮೂರು ಚಮಚ ಇತ್ತು. ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ತುರಿದ ತೆಂಗಿನಕಾಯಿ, ಕಡಲೆಬೀಜ, ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ದಿನಕ್ಕೆ ನಾಲ್ಕು ಸಲ ಸಕ್ಕರೆ ಕಾಫಿ. ಒಂದು ವಾರ ಬಾಯಿಗೆ ಹೋಗುವುದನ್ನೆಲ್ಲ ಬರೆದಿಡಿ. ಯಾರಿಗೂ ತೋರಿಸಬೇಕಿಲ್ಲ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಲ್ಲಾ?

ಬಹುಪಾಲು ಉಸಿರಲ್ಲಿ! 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಈ ಲೆಕ್ಕವನ್ನು ಬಿಡಿಸಿ ತೋರಿಸಿದರು. 10 ಕೆಜಿ ಕೊಬ್ಬು ಕರಗಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಜೊತೆ ಹೋಗುತ್ತದೆ, 1.6 ಕೆಜಿ ನೀರಾಗುತ್ತದೆ. ಹಾಗಂತ ಜೋರಾಗಿ ಉಸಿರಾಡಿದರೆ ತೂಕ ಇಳಿಯುವುದಿಲ್ಲ. ಬೆವರು ಬರಿಸುವ ಬೆಲ್ಟ್ ಕಟ್ಟಿಕೊಂಡರೂ ಕೊಬ್ಬು ಕರಗುವುದಿಲ್ಲ.

ತೂಕ ಬಿಟ್ಟು ಬೇರೆ ಏನು ನೋಡಬಹುದು?

ಸೊಂಟದ ಸುತ್ತಳತೆ. ಟೈಲರ್ ಟೇಪ್ ಸಾಕು. ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಎರಡು ವಾರಕ್ಕೊಮ್ಮೆ ಅಳೆಯಿರಿ. ನಾವು ಭಾರತೀಯರಿಗೆ ಕೊಬ್ಬು ಹೊಟ್ಟೆಯ ಸುತ್ತಲೇ ಸೇರುವುದು ಜಾಸ್ತಿ. ಅದಕ್ಕೇ ನಮಗೆ ಮಿತಿಯೂ ಬಿಗಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ನನ್ನ ನಂಬಿಕೆಯ ಅಳತೆ ಒಂದು ಹಳೇ ಚೂಡಿದಾರ್. ತಿಂಗಳಿಗೊಮ್ಮೆ ಹಾಕಿ ನೋಡುತ್ತೇನೆ. ತೂಕ ನಿಂತಿದ್ದ ತಿಂಗಳಲ್ಲೂ ಅದು ಸಡಿಲ ಆಗಿದ್ದುಂಟು.

ಈಗಿನ ಬ್ಲೂಟೂತ್ ಯಂತ್ರಗಳು ಕೊಬ್ಬಿನ ಶೇಕಡಾವಾರು ತೋರಿಸುತ್ತವೆ. ಪಾದದ ಮೂಲಕ ಸಣ್ಣ ಕರೆಂಟ್ ಹರಿಸಿ ಅಂದಾಜು ಮಾಡುವುದು ಅದು. ಮೈಯಲ್ಲಿ ನೀರು ಹೆಚ್ಚು ಕಡಿಮೆ ಆದರೆ ಆ ಅಂದಾಜೂ ಏರುಪೇರಾಗುತ್ತದೆ. ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ.

ಥೈರಾಯ್ಡ್ ಇದ್ದರೆ ಹತ್ತಿಪ್ಪತ್ತು ಕೆಜಿ ಏರುತ್ತಂತೆ, ಹೌದಾ?

ಥೈರಾಯ್ಡ್ ಕಡಿಮೆಯಾದರೆ ಸಾಮಾನ್ಯವಾಗಿ ಏರುವುದು ಎರಡರಿಂದ ಐದು ಕೆಜಿ. ಅದರಲ್ಲೂ ಜಾಸ್ತಿ ಪಾಲು ಉಪ್ಪು, ನೀರಿನದ್ದು. ಸುಸ್ತು, ಚಳಿ ತಡೆಯಲು ಆಗದಿರುವುದು, ಕೂದಲು ಉದುರುವುದು ಜೊತೆಗಿದ್ದರೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ತೂಕ ಏರಿಸಬಹುದು. ಬಿಪಿಯ ಆಮ್ಲೋಡಿಪಿನ್ ಪಾದ ಊದಿಸಬಹುದು. ಇವನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಯಾವ ಏರಿಳಿತಕ್ಕೆ ಡಾಕ್ಟರ್ ಹತ್ತಿರ ಓಡಬೇಕು?

ಎರಡು ಮೂರು ದಿನದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿ, ಜೊತೆಗೆ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಕಾಲು ಅಥವಾ ಹೊಟ್ಟೆ ಊದುವುದು ಇದ್ದರೆ ಅವತ್ತೇ ಹೋಗಿ. ಹೃದಯ, ಮೂತ್ರಪಿಂಡ, ಲಿವರಿನ ತೊಂದರೆ ಮೊದಲೇ ಇರುವವರಂತೂ ಒಂದು ದಿನವೂ ಕಾಯಬೇಡಿ.

ಗರ್ಭಿಣಿಯರಿಗೆ ತೂಕ ದಿಢೀರ್ ಏರಿ, ಮುಖ, ಕೈ ಊದಿ, ತಲೆನೋವು ಅಥವಾ ಕಣ್ಣು ಮಂಜಾಗುವುದು ಇದ್ದರೆ ಅದು ಬಿಪಿ ಏರುವ ಅಪಾಯದ ಲಕ್ಷಣ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಳಿಯುವುದೂ ಹಾಗೇ. ಏನೂ ಪ್ರಯತ್ನ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ ನೂರಕ್ಕೆ 5 ಭಾಗ ಇಳಿದರೆ ತೋರಿಸಲೇಬೇಕು. 70 ಕೆಜಿಯವರಿಗೆ ಅದು ಮೂರೂವರೆ ಕೆಜಿ. ‘ಚೆನ್ನಾಗಿ ಸಣ್ಣ ಆಗಿದ್ದೀಯ’ ಅಂತ ಎಲ್ಲರೂ ಹೊಗಳುತ್ತಿರುವಾಗ ಸಕ್ಕರೆ ಕಾಯಿಲೆಯೋ ಕ್ಷಯವೋ ಒಳಗೆ ಬೆಳೆಯುತ್ತಿರಬಹುದು.

ಸಂಖ್ಯೆ ನೋಡಿದ ದಿನವೆಲ್ಲ ಅಳು ಬರುತ್ತದೆ. ಏನು ಮಾಡಲಿ?

ಯಂತ್ರವನ್ನು ಅಟ್ಟದ ಮೇಲೆ ಇಡಿ. ನಿಜವಾಗಿ ಹೇಳುತ್ತಿದ್ದೇನೆ. ಟೇಪು, ಬಟ್ಟೆ, ಮೆಟ್ಟಿಲು ಹತ್ತುವಾಗಿನ ಉಸಿರು, ರಕ್ತಪರೀಕ್ಷೆ ಇವುಗಳಿಂದಲೂ ದಾರಿ ಗೊತ್ತಾಗುತ್ತದೆ. ದಿನಕ್ಕೆ ಐದಾರು ಸಲ ತೂಗುವುದು, ತಿಂದದ್ದನ್ನು ಬೇಕಂತಲೇ ವಾಂತಿ ಮಾಡುವುದು, ಊಟ ಅಂದರೆ ಭಯ ಆಗುವುದು ಶುರುವಾಗಿದ್ದರೆ ಅದು ನಿಮ್ಮ ತಪ್ಪಲ್ಲ, ಚಿಕಿತ್ಸೆ ಇರುವ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಗಳು ಹೀಗೆ ಮಾಡುತ್ತಿದ್ದಾಳೆ ಅಂತ ಗೊತ್ತಾದ ತಂದೆ ತಾಯಿಯೂ ಕರೆ ಮಾಡಬಹುದು.

ಗುರಿ ತಲುಪಿದೆ, 65 ಬಂತು. ಇನ್ನು ಇದೇ ಸಂಖ್ಯೆ ಉಳಿಸಿಕೊಳ್ಳಬೇಕಾ?

ಒಂದೇ ಸಂಖ್ಯೆಯಲ್ಲಿ ಯಾರ ಮೈಯೂ ನಿಲ್ಲುವುದಿಲ್ಲ. 64ರಿಂದ 66 ಅಂತ ಒಂದು ಅಂಗಳ ಹಾಕಿಕೊಳ್ಳಿ. ಯುಗಾದಿಯ ಮಾರನೇ ದಿನ 66.8 ಬಂದರೆ ಗಾಬರಿ ಬೇಡ, ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ವಾರದ ಸರಾಸರಿಯೇ ಎರಡು ಮೂರು ವಾರ 66 ದಾಟಿ ನಿಂತರೆ ಆಗ ಒಗ್ಗರಣೆ ಎಣ್ಣೆಯನ್ನು ಮತ್ತೆ ಚಮಚದಲ್ಲಿ ಅಳೆಯಲು ಶುರು ಮಾಡಿ. ನಾನು ಈಗಲೂ ವರ್ಷಕ್ಕೆ ಎರಡು ಮೂರು ಸಲ ಆ ಚಮಚ ಹೊರಗೆ ತೆಗೆಯುತ್ತೇನೆ, ಹೆಚ್ಚಾಗಿ ದೀಪಾವಳಿ ಮುಗಿದ ಮೇಲೆ.